ಅವ್ವನ ಗುಳಿಗೆ ಯಾವ ಭಾಷೆಯಲ್ಲಿತ್ತು?

"ಹೋದ ಸಲ ಯಾವ ಗುಳಿಗಿ ಆಗಿ ಬರಲಿಲ್ಲಮ್ಮಾ?" ಚೀಟಿಯನ್ನು ಅರ್ಧ ಬರೆದು, ಪೆನ್ನು ನಿಲ್ಲಿಸಿ ಡಾಕ್ಟರು ಕೇಳಿದರು.

ಪಕ್ಕದಲ್ಲಿ ನನ್ನವ್ವ ಮೊಣಕಾಲು ಹಿಡಿದುಕೊಂಡು ಕೂತಿದ್ದಳು. ಹೋದ ಸಲ ಒಂದು ನೋವಿನ ಗುಳಿಗೆ ನುಂಗಿ ಅವಳ ಮುಖ ಬಾತು, ಉಸಿರು ಕಟ್ಟಿ, ನಮ್ಮ ಜೀವ ಬಾಯಿಗೆ ಬಂದಿತ್ತು. ಮತ್ತೆ ಅದನ್ನೇ ಕೊಟ್ಟರೆ?

ನಾನು ಹೆದರಲಿಲ್ಲ. ಅದರ ಹೆಸರನ್ನು ನೋಟ್ಸ್ ಆ್ಯಪ್‌ನಲ್ಲಿ ಬರೆದಿಟ್ಟಿದ್ದೆನಲ್ಲ!

ಈ ಆ್ಯಪ್ ನನಗೆ ಗಂಟುಬಿದ್ದದ್ದು ಯುಗಾದಿಯ ಹೊತ್ತಿಗೆ. "ಎಲ್ಲಾ ಒಂದ ಕಡೆ ಇರ್ತೈತ್ರಿ, ಟೆನ್ಶನ್ನೇ ಇಲ್ಲ" ಎಂದು ನಮ್ಮ ಶಾಲೆಯ ಸುಜಾತಾ ಟೀಚರ್ ಹಾಕಿಕೊಟ್ಟರು. ಮೊದಲು ಬರೆಯುವುದಷ್ಟೇ ಕಲಿತೆ. ಆಮೇಲೆ ಟ್ಯಾಗ್ ಹಚ್ಚುವುದು. ಆಮೇಲೆ ಒಂದು ಟಿಪ್ಪಣಿಗೆ ಇನ್ನೊಂದನ್ನು ಲಿಂಕ್ ಮಾಡುವುದು. ಒಂದು ಬಂತು ಎನ್ನುವಷ್ಟರಲ್ಲಿ ಇನ್ನೊಂದು ಬಾಕಿ. (ಪುಟದೊಳಗೆ ಪುಟ ಮಾಡಲು ಹೋಗಿ ಕಿರಾಣಿ ಸಾಮಾನಿನ ಪಟ್ಟಿಯನ್ನು ಎಲ್ಲಿಟ್ಟೆನೋ, ಇವತ್ತಿಗೂ ಸಿಕ್ಕಿಲ್ಲ.) ನೆನಪಿನ ಭಾರ ಇಳಿಸಲು ಬಂದದ್ದು ತಾನೇ ಹೆಗಲೇರಿ ಕೂತಿತು. ನಿಜ ಹೇಳಲೇ? ಸಾಕಾಗಿಹೋಗಿದೆ.

ಸರಿ, 'ಅವ್ವ' ಎಂದು ಹುಡುಕಿದೆ. ಮಂತ್ರಾಲಯದ ಬಸ್ಸಿನ ವೇಳೆ ಬರೆದಿಟ್ಟ ಟಿಪ್ಪಣಿ ಬಂತು. 'ಗುಳಿಗೆ' ಎಂದೆ. ಇಲ್ಲ. ಇಂಗ್ಲಿಷಿನಲ್ಲಿ 'ಅಲರ್ಜಿ' ಎಂದು ಹೊಡೆದೆ. ಅದೂ ಇಲ್ಲ.

"ಗುಲಾಬಿ ಬಣ್ಣದ್ದಿತ್ತು ನೋಡ್ರಿ," ಅವ್ವ ನೆರವಿಗೆ ಬಂದಳು.

"ಗುಲಾಬಿ ಗುಳಿಗಿ ಅಂಗಡಿ ತುಂಬ ಅದಾವು, ಅವ್ವಾರ," ಎಂದು ಡಾಕ್ಟರು ಬಾಗಿಲ ಕಡೆ ನೋಡಿದರು. ಹೊರಗೆ ಇನ್ನೂ ಬಹಳ ಮಂದಿ ಕಾಯುತ್ತಿದ್ದರು.

ಅಲ್ಲ, ಆ ಹೆಸರನ್ನು ನನಗೆ ಹೇಳಿದ್ದಾದರೂ ಯಾರು? ಔಷಧಿ ಅಂಗಡಿಯವರು. "ಅಮ್ಮಕು ಈ ಮಾತ್ರ ಪಡದು" ಎಂದಿದ್ದರು, ಅಮ್ಮನಿಗೆ ಈ ಗುಳಿಗೆ ಆಗಿಬರದು ಅಂತ. ತೆಲುಗಿನಲ್ಲಿ! ಯಾವ ಭಾಷೆಯಲ್ಲಿ ಕೇಳಿದೆವೋ ಅದೇ ಭಾಷೆಯಲ್ಲಿ ಬರೆದುಕೊಳ್ಳುವುದು ಆಂಧ್ರದ ಗಡಿಯಲ್ಲಿ ಕನ್ನಡ, ತೆಲುಗು ಎರಡನ್ನೂ ಆಡುವ ನಮ್ಮ ಆದವಾನಿಯವರ ಚಾಳಿ. ತೆಲುಗು ಕೀಬೋರ್ಡ್ ತೆಗೆದು 'ಪಡದು' ಎಂದು ಹೊಡೆದೆ. ಸಿಕ್ಕಿತು.

ಡಾಕ್ಟರು ಹೆಸರು ಓದಿದರು. ಚೀಟಿಯಲ್ಲಿ ಆಗಲೇ ಬರೆದಿದ್ದ ಮೊದಲ ಸಾಲನ್ನು ಹೊಡೆದುಹಾಕಿದರು.

ಈಗ ದಿನಾ ಸಂಜೆ ಕೂತು ಹಳೆಯ ಟಿಪ್ಪಣಿಗಳಿಗೆಲ್ಲ ಮೂರು ಮೂರು ಟ್ಯಾಗ್ ಹಚ್ಚುತ್ತಿದ್ದೇನೆ. ಕನ್ನಡದಲ್ಲೊಂದು ಅವ್ವ, ತೆಲುಗಿನಲ್ಲೊಂದು ಅಮ್ಮ, ಇಂಗ್ಲಿಷಿನಲ್ಲೊಂದು ಮದರ್. "ಇನ್ನಾ ಕಲಿಯೋದು ಮುಗೀಲಿಲ್ಲೇನವ್ವಾ?" ಎನ್ನುತ್ತಾಳೆ ಅವ್ವ. ನಿನ್ನೆ ಸೆಟ್ಟಿಂಗ್ಸ್ ತೆರೆದರೆ ಆ್ಯಪ್‌ನದೂ ಒಂದು ಪ್ರಶ್ನೆ. ನಿಮ್ಮ ಭಾಷೆ ಯಾವುದು, ಒಂದನ್ನು ಆರಿಸಿ.

ಆದವಾನಿಯವರನ್ನು ಕೇಳುವ ಪ್ರಶ್ನೆಯೇ ಅದು?