ಕೆರೆಯಿಂದ ಕಡಲಿಗೆ, ಟ್ರೈಲರ್ ಏರಿ

ಆಮೇಲೆ ನೀವೇ ಕಂಡುಹಿಡಿದು ನಗುವುದಕ್ಕಿಂತ ನಾನೇ ಮೊದಲು ಹೇಳಿಬಿಡುತ್ತೇನೆ: ಈಜು ಬಾರದ ನಾನು ಹಾಯಿದೋಣಿಯ ನಾವಿಕನಾಗಲು ಒಪ್ಪಿದ್ದು ಜಯಾ ಆಂಟಿಯ ಪುಳಿಯೋಗರೆಯ ಆಸೆಗೆ. ಇವತ್ತು ಕಾರಿನ ಟ್ರಂಕ್ ತೆಗೆದರೆ ಆಗ ತೊಟ್ಟ ಹಳೆಯ ಲೈಫ್ ಜಾಕೆಟ್ಟು. ಮೂಸಿದೆ. ಅರ್ಧ ಸಮುದ್ರ, ಅರ್ಧ ಇಂಗು.

ಆಂಟಿಯ ಯಜಮಾನರು ಶ್ರೀಕಂಠ ಅಂಕಲ್, ಅಮೆರಿಕದ ಕ್ಯಾರಿ ಎಂಬ ಊರಿನಲ್ಲಿ ನಮ್ಮ ಬೀದಿಯ ನಿವೃತ್ತ ಹಾರ್ಟ್ ಡಾಕ್ಟರು. ಊರಾಚೆಯ ಜೋರ್ಡನ್ ಲೇಕಿನಲ್ಲಿ ತಮ್ಮ ಪುಟ್ಟ ಹಾಯಿದೋಣಿಯನ್ನು ವರ್ಷಗಟ್ಟಲೆ ನವಗ್ರಹಕ್ಕೆ ಸುತ್ತು ಹಾಕಿದಂತೆ ಸುತ್ತಿಸಿದವರು. ಎಲ್ಲರೂ ಮಾಸ್ಕ್ ಕಳಚಿದ ವರ್ಷ ಅವರ ಮಂಡಿ ಕೈಕೊಟ್ಟಿತು. ಆಪರೇಷನ್ನಿಗೆ ಮುಂಚೆ ಒಂದೇ ಒಂದು ಸಲ ದೋಣಿಯನ್ನು ಸಮುದ್ರ ಮುಟ್ಟಿಸಬೇಕು, ಆಗದಿದ್ದರೆ ಮಾರಿಬಿಡಬೇಕು ಎಂದು ತೀರ್ಮಾನಿಸಿದರು.

ಶನಿವಾರಗಳಂದು ಅವರ ಮನೆಯಲ್ಲಿ ಪ್ಲಾನಿಂಗ್. ಸಾಫ್ಟ್‌ವೇರಿನವನಾದ ನಾನು ಸೇರಿಕೊಂಡ ಮೇಲೆ ಕೇಳಬೇಕೆ? ಗೋಡೆ ತುಂಬ ಬಣ್ಣದ ಚೀಟಿ. ಗಾಳಿಗೆ ಒಂದು ಚೀಟಿ, ತಿಂಡಿಗೆ ಮಿಕ್ಕ ಗೋಡೆಯೆಲ್ಲ. ನಾವು ಹೊರಡುವ ದಿನ ಉಬ್ಬರ ಮುಗಿದು ನೀರು ಕಡಲ ಕಡೆ ಇಳಿಯುವುದು ಸರಿಯಾಗಿ ರಾಹುಕಾಲದಲ್ಲಿ ಎಂದು ತಿಳಿದಾಗ ಅಂಕಲ್, "ಅದನ್ನ ಸ್ವಲ್ಪ ರೀಶೆಡ್ಯೂಲ್ ಮಾಡಕ್ಕಾಗಲ್ವೇನೋ?" ಎಂದರು, ಅಟ್ಲಾಂಟಿಕ್ ನಮ್ಮ ಆಫೀಸಿನ ಮೀಟಿಂಗ್ ಎಂಬಂತೆ.

ಚಕ್ಕುಲಿಯ ತನಕ ಎಲ್ಲ ನಿಗದಿಯಾದ ಮೇಲೆ ನಕ್ಷೆ ಬಿಡಿಸಿದೆವು. ಲೇಕಿನ ನೀರು ನದಿಯಾಗಿ ಕಡಲಿಗೆ ಹೊರಡುವ ಬಾಯಿಗೇ ಅಣೆಕಟ್ಟು. ಅದರಾಚೆ ಬಂಡೆ, ಮೊಣಕಾಲುದ್ದದ ನೀರು, ಮತ್ತೊಂದು ಕಟ್ಟೆ. ದೋಣಿಯನ್ನು ಟ್ರೈಲರಿಗೆ ಹತ್ತಿಸಿ ಕಡಲ ಹತ್ತಿರದ ವಿಲ್ಮಿಂಗ್ಟನ್‌ವರೆಗೂ ಹೈವೇಯಲ್ಲೇ ಎಳೆಯಬೇಕು. ಅಲ್ಲಿಂದ ಮುಂದಿನ ತುಂಡಿಗಷ್ಟೇ ಹಾಯಿ.

ಸುಮ್ಮನಿರಬಹುದಿತ್ತು. ಆದರೆ ಮಿಮಿಕ್ರಿ ಮಾಡುವ ಬಾಯಿ ನನ್ನದು ನೋಡಿ, ತುರಿಸಿತು. ಕಾರಿನಲ್ಲಿ ದಾರಿ ಹೇಳುವ ಹೆಂಗಸಿನ ದನಿ ತೆಗೆದು, "ಮುಂದಿನ ಎಕ್ಸಿಟ್‌ನಲ್ಲಿ ಲಂಗರು ಹಾಕಿ. ಬಲಗಡೆ ರೆಸ್ಟ್ ಏರಿಯಾದಲ್ಲಿ ತಿಮಿಂಗಿಲ ಇದೆ" ಎಂದೆ.

ಅಂಕಲ್ ನಗಲಿಲ್ಲ. ಎದ್ದು ಗೋಡೆಯ ಚೀಟಿಗಳನ್ನು ಕೀಳತೊಡಗಿದರು.

"ಅಂಕಲ್, ತಮಾಷೆಗಂದೆ..."

"ತಮಾಷೆಗಂದ್ರೂ ನಿಜಾನೇ ಅಂದ್ಯಲ್ಲೋ. ಕಟ್ಟಿ ಎಳ್ಕೊಂಡ್ ಹೋದ್ರೆ ಅದು ದೋಣೀಲಿ ಹೋದಂಗಾ? ಜಯಾ, ಮಾರ್ಬಿಡೋಣ ಕಣೇ."

ಆ ದೋಣಿ ಮಾರಾಟಕ್ಕೆ ಹೋಗದೆ ಕಡಲಿಗೆ ಹೋಯಿತೆಂದರೆ, ಅದು ಒಲೆಯ ಮುಂದಿನಿಂದ ತಿರುಗಿಯೂ ನೋಡದೆ ಆಂಟಿ ಅಂದ ಮಾತಿನಿಂದ:

"ನಮ್ಮ ಮದ್ವೆಗೆ ಮೈಸೂರಿಂದ ಹಾಸನದ ತನಕ ಬಸ್ಸಲ್ಲೇ ಬಂದ್ರಲ್ಲ ರೀ. ಹೂವಿನ ಕಾರು ಹತ್ತಿದ್ದು ಛತ್ರದ ತಿರುವಲ್ಲಿ. ಗಂಡು ಬಂದಿಲ್ಲ ಅಂತ ನಾನೇನು ವಾಪಸ್ ಕಳಿಸಿದ್ನಾ?"