ಮೂವತ್ತು ದಿನದ ಡಬ್ಬಿ

ನಾನು ಏನು ಕೆಲಸ ಮಾಡುತ್ತೇನೆಂದು ನ್ಯಾಮತಿಯಲ್ಲಿ ಯಾರಾದರೂ ಕೇಳಿದರೆ, ಕಂಪ್ಯೂಟರ್ ಕೆಲಸ ಎಂದು ಹೇಳಿ ಸುಮ್ಮನಾಗುತ್ತೇನೆ. ಬಿಡಿಸಿ ಹೇಳಿದರೆ ಇಷ್ಟೇ: ವ್ಯಾಪಾರದವರು ಕಳಿಸುವ ಇಮೇಲ್ ಗಿರಾಕಿಗಳ ಸ್ಪ್ಯಾಮ್ ಡಬ್ಬಿಗೆ ಬೀಳದೆ ಇನ್‌ಬಾಕ್ಸಿಗೆ ಹೋಗುವಂತೆ ನೋಡಿಕೊಳ್ಳುವುದು. ಹೊನ್ನಾಳಿಯ ಒಬ್ಬ ಬಿತ್ತನೆ ಬೀಜದ ವ್ಯಾಪಾರಿ, ಚನ್ನಗಿರಿಯಲ್ಲಿ ಅಡಿಕೆ ಹಾಳೆಯ ತಟ್ಟೆ ಮಾಡುವವರು, ತ್ಯಾವಣಿಗೆಯ ಒಂದು ಕೋಳಿ ಆಹಾರದ ಅಂಗಡಿ, ಹೀಗೆ ಆರೇಳು ಮಂದಿಗೆ ಈ ಕೆಲಸ ಮಾಡಿಕೊಡುತ್ತೇನೆ. ವಿಶ್ವವಿದ್ಯಾಲಯದಲ್ಲಿ ಓದಿದ್ದಕ್ಕೂ ಇದಕ್ಕೂ ಸ್ವಲ್ಪ ಸಂಬಂಧವಿದೆ. ಆದರೆ ಇದು ನನಗೆ ಹಿಡಿಸಿದ್ದು ಬೇರೆ ಕಾರಣಕ್ಕೆ. ಯಾರ ಜೊತೆಗೂ ಹೆಚ್ಚು ಮಾತಾಡಬೇಕಾಗಿಲ್ಲ. ಪರಿಚಯವಿಲ್ಲದವರಿಗೆ ಫೋನ್ ಮಾಡಬೇಕೆಂದರೆ ಈಗಲೂ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಕಳೆದ ವರ್ಷ ಜಗಳೂರಿನ ಹತ್ತಿರದ ಒಂದು ಹಳ್ಳಿಯಿಂದ ಕರೆ ಬಂತು. ಅಲ್ಲಿ ಹನ್ನೊಂದು ಹೆಂಗಸರು ಸೇರಿ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತಿದ್ದರು. ಮಾತಾಡಿದವರು ಸಂಘದ ಅಧ್ಯಕ್ಷೆ. "ಅಂಗಡಿಯೋರಿಗೆ ಮೇಲ್ ಕಳಿಸಿ ಕಳಿಸಿ ಸಾಕಾತು ಮೇಡಂ. ಒಬ್ರೂ ಹಾಂ ಅನ್ನಲ್ಲ, ಹೂಂ ಅನ್ನಲ್ಲ. ನೀವೊಂದ್ಸಲ ಬಂದು ನೋಡ್ರಿ" ಎಂದರು.

ಹೊನ್ನಾಳಿಗೆ ಒಂದು ಬಸ್ಸು, ದಾವಣಗೆರೆಗೆ ಒಂದು, ಜಗಳೂರಿಗೆ ಇನ್ನೊಂದು. ಅಲ್ಲಿಂದ ಅಧ್ಯಕ್ಷೆಯ ಗಂಡ ಬೈಕಿನಲ್ಲಿ ಕರೆದುಕೊಂಡು ಹೋದರು. ಅವರ ಮೇಲ್ ಏಕೆ ಸ್ಪ್ಯಾಮಿಗೆ ಹೋಗುತ್ತಿದೆಯೆಂದು ಹತ್ತೇ ನಿಮಿಷದಲ್ಲಿ ಗೊತ್ತಾಯಿತು. ಈ ಮೇಲ್ ನಿಜವಾಗಿ ಈ ಸಂಘದ್ದೇ ಎಂದು ತೋರಿಸುವ ಗುರುತುಗಳನ್ನು ಯಾರೂ ಹಾಕಿರಲಿಲ್ಲ. ಅವನ್ನು ಹಾಕಿದೆ. ಇನ್ನೊಂದು ಕೆಲಸ ಉಳಿದಿತ್ತು. ಹೊಸ ವಿಳಾಸದಿಂದ ಬಂದದ್ದನ್ನು ನಾಲ್ಕಾರು ಜನ ತೆರೆದು ಓದಿ ಉತ್ತರ ಬರೆದರೆ ಆ ವಿಳಾಸದ ಮೇಲೆ ನಂಬಿಕೆ ಬೆಳೆಯುತ್ತದೆ. ಹೆಂಗಸರ ಫೋನುಗಳಲ್ಲೆಲ್ಲ ಮೊಬೈಲ್ ಅಂಗಡಿಯವನು ಮಾಡಿಕೊಟ್ಟ ಇಮೇಲ್ ಇತ್ತು, ಅದು ಇದೆಯೆಂದು ಅವರಿಗೇ ಗೊತ್ತಿರಲಿಲ್ಲ. ಎಲ್ಲರನ್ನೂ ಕೂರಿಸಿ, ಸಂಘದ ಮೇಲ್ ಕಳಿಸಿ, ಏನಾದರೂ ಬರೆಯಿರಿ ಎಂದೆ. ಒಬ್ಬಳು "ಊಟ ಆತಾ" ಎಂದು ಬರೆದಳು. ಇನ್ನೊಬ್ಬಳು "ಮೇಡಂಗೆ ಮದುವಿ ಆಗೈತಾ" ಎಂದು ಬರೆದು ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ನಾನು ಅದನ್ನು ಓದಿ ತಲೆ ತಗ್ಗಿಸಿದ್ದನ್ನು ನೋಡಿ ಹನ್ನೊಂದೂ ಜನ ನಕ್ಕರು.

ಅವರಲ್ಲಿ ಫೋನಿಲ್ಲದವರು ಒಬ್ಬರೇ. ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದ ಅವರಿಗೆ ಅರವತ್ತು ದಾಟಿರಬೇಕು. ಕೈಯಲ್ಲೇ ರೊಟ್ಟಿ ತಟ್ಟುತ್ತಿದ್ದರು. ಅಂಚಿನ ಕಡೆ ಹೋಗುತ್ತಾ ರೊಟ್ಟಿ ಎಷ್ಟು ತೆಳ್ಳಗಾಗುತ್ತಿತ್ತೆಂದರೆ, ಹಂಚಿನ ಮೇಲೆ ಹಾಕಿದ ಕೂಡಲೇ ಅಂಚು ತಾನಾಗಿ ಮೇಲೇಳುತ್ತಿತ್ತು. ಕೈ ನಿಲ್ಲಿಸದೆ ಕೇಳಿದರು: "ಆ ಡಬ್ಬಿಯಾಗೆ ಬಿದ್ದಿದ್ದನ್ನ ಯಾರು ನೋಡ್ತಾರ ತಾಯಿ?"

"ಯಾರೂ ನೋಡಲ್ಲ ದೊಡ್ಡಮ್ಮ. ಮೂವತ್ತು ದಿನ ಆದ ಮೇಲೆ ತಾನೇ ಅಳಿಸಿ ಹೋಗುತ್ತೆ."

"ಅಯ್ಯ, ನಾವು ಜೋಳ ಕೇರಿದ ಮ್ಯಾಲೆ ಹೊಟ್ಟು ಚೆಲ್ಲಾಕೆ ಮುಂಚೆ ಒಂದ್ಸಲ ಕೈಯಾಡ್ಸಿ ನೋಡ್ತೀವಪ್ಪ. ಕಾಳು ಇರ್ತಾವ."

ನಾನು ಮುಗುಳ್ನಕ್ಕೆ. ಆ ಹೊತ್ತಿಗೆ ಸಂಘದ ಇನ್‌ಬಾಕ್ಸಿನಲ್ಲಿ ತುಂಬಿದ್ದ ಸಾಲದ ಜಾಹೀರಾತು, ಲಾಟರಿ ಸುದ್ದಿಗಳನ್ನು ತಡೆಯಲು ಒಂದು ನಿಯಮ ಹಾಕುತ್ತಿದ್ದೆ. ಗುರುತು ಸರಿಯಿಲ್ಲದ ಯಾವ ಹೊಸ ವಿಳಾಸದಿಂದ ಬಂದರೂ ನೇರವಾಗಿ ಸ್ಪ್ಯಾಮಿಗೆ ಹೋಗಬೇಕು. ಅದನ್ನು ಯಾರೂ ಕೇಳಿರಲಿಲ್ಲ. ಕೆಲಸ ಅಚ್ಚುಕಟ್ಟಾಗಿರಲಿ ಎಂದು ನಾನೇ ಹಾಕಿದ್ದು. ಮೇಲ್ ನೋಡಿಕೊಳ್ಳುವ ಹೊಣೆಯನ್ನೂ ಅವರು ನನಗೇ ಬಿಟ್ಟರು.

ಮೈಸೂರಿನ ಒಂದು ಅಂಗಡಿ ಅವರಿಗೆ ಎಲ್ಲಕ್ಕಿಂತ ಮುಖ್ಯವಾಗಿತ್ತು. ದೊಡ್ಡಮ್ಮ ತಟ್ಟಿದ ಎಳ್ಳು ಹಚ್ಚಿದ ರೊಟ್ಟಿಗಳನ್ನು ಮಾದರಿಯಾಗಿ ಒಂದು ಪೆಟ್ಟಿಗೆಯಲ್ಲಿ ಕಳಿಸಿದರು. ನಾನು ಮೇಲ್ ಕಳಿಸಿದೆ. ಅದು ಇನ್‌ಬಾಕ್ಸಿಗೆ ಹೋಯಿತು, ಮರುದಿನ ಅವರು ತೆರೆದೂ ನೋಡಿದರು. ಇಷ್ಟು ನನಗೆ ತಿಳಿಯುತ್ತದೆ. ಉತ್ತರ ಮಾತ್ರ ಬರಲಿಲ್ಲ. ಅಧ್ಯಕ್ಷೆ ಎರಡು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದರು.

"ಮೇಲ್ ಮುಟ್ಟೈತೋ ಇಲ್ಲೋ ಮೇಡಂ?"

"ಮುಟ್ಟಿದೆ ಅಕ್ಕಾ. ಅವರು ಓದಿದ್ದಾರೆ. ಅದರಲ್ಲಿ ಅನುಮಾನವೇ ಇಲ್ಲ."

"ಹಂಗಾದ್ರ ನಮ್ ರೊಟ್ಟಿನೇ ಅವ್ರಿಗೆ ಸರಿ ಕಂಡಿಲ್ಲ ಬಿಡ್ರಿ."

ಅಂಗಡಿಯವರ ನಂಬರು ನನ್ನ ಮುಂದೆಯೇ ಇತ್ತು. ಒಂದು ಫೋನ್ ಮಾಡಿ ಕೇಳಬಹುದಿತ್ತು. ನಾಳೆ ಮಾಡೋಣ ಎಂದುಕೊಂಡೆ, ಮರುದಿನವೂ ಹಾಗೆಯೇ ಎಂದುಕೊಂಡೆ.

ಮೇಲ್ ಕಳಿಸಿ ಒಂದು ತಿಂಗಳಾಗುವ ಹೊತ್ತಿಗೆ ಹೊಸ ಯಂತ್ರದ ಫೋಟೊ ತೆಗೆಯಲೆಂದು ಅವರು ಮತ್ತೆ ಕರೆದರು. ರೊಟ್ಟಿಯನ್ನು ಒತ್ತಿ ಒಂದೇ ದಪ್ಪ ಮಾಡುವ ಯಂತ್ರ. "ಕೈಯಾಗೆ ತಟ್ಟಿದ್ದು ನಡುವೆ ದಪ್ಪ, ಅಂಚು ತೆಳ್ಳಗೆ. ಪ್ಯಾಟಿಯೋರಿಗೆ ಎಲ್ಲಾ ಒಂದೇ ಸಮ ಇರ್ಬೇಕಲ್ರೀ" ಎಂದರು ಅಧ್ಯಕ್ಷೆ. ಹಂಚಿನ ಹತ್ತಿರ ದೊಡ್ಡಮ್ಮ ಇರಲಿಲ್ಲ. ಹೊರಗೆ ಜಗಲಿಯ ಮೇಲೆ ಕಾಲು ಚಾಚಿ ಕೂತು, ಕೆಟ್ಟ ಶೇಂಗಾ ಬೀಜ ಆರಿಸುತ್ತಿದ್ದರು.

"ನನ್ನ ಕೈ ರೊಟ್ಟಿ ಮೈಸೂರಿನೋರಿಗೆ ಹಿಡಿಸ್ಲಿಲ್ಲಂತೆ ತಾಯಿ. ಅವರಾರ ಯಾಕ ಸುಳ್ಳು ಹೇಳ್ತಾರ" ಎಂದು ನಕ್ಕರು. ಆಮೇಲೆ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಹಿಡಿಸಲಿಲ್ಲ ಎಂದು ಮೈಸೂರಿನವರು ಎಲ್ಲೂ ಹೇಳಿರಲಿಲ್ಲ. ಆದರೂ ಅವರನ್ನು ತಿದ್ದದೆ ಫೋಟೊ ತೆಗೆದುಕೊಂಡು ಬಸ್ಸು ಹತ್ತಿದೆ.

ಅದಾದ ಮೂರನೆಯ ದಿನ ಚನ್ನಗಿರಿಯಲ್ಲಿದ್ದೆ. ಸ್ಪ್ಯಾಮ್ ಅಂದರೆ ಏನು ಎಂದು ಹಾಳೆತಟ್ಟೆಯ ವ್ಯಾಪಾರಿ ಕೇಳಿದರು. ಒಬ್ಬರ ಮೇಲ್ ಇನ್ನೊಬ್ಬರಿಗೆ ತೋರಿಸಬಾರದು. ಆದರೂ ಥಟ್ಟನೆ ಉದಾಹರಣೆಗೆ ಸಿಕ್ಕಿದ್ದು ಸಂಘದ ಸ್ಪ್ಯಾಮ್ ಡಬ್ಬಿ, ಅದನ್ನೇ ತೆರೆದೆ. ಸಾಲ, ಲಾಟರಿ, ತೂಕ ಇಳಿಸುವ ಪುಡಿ ಎಂದು ಒಂದೊಂದಾಗಿ ತೋರಿಸುತ್ತಾ ಕೆಳಗೆ ಹೋದೆ. ಅವರು ಪರದೆಗೆ ಬೆರಳು ಇಟ್ಟರು.

"ಇದೇನ್ರೀ ಮೇಡಂ, ಯಾರೋ ರೊಟ್ಟಿ ಕೇಳ್ಯಾರಲ್ಲ?"

ಮೈಸೂರಿನ ಅಂಗಡಿಯವರದು. ಪೆಟ್ಟಿಗೆ ತಲುಪಿದ ನಾಲ್ಕನೆಯ ದಿನವೇ ತಮ್ಮ ಅಂಗಡಿಯ ಹೊಸ ವಿಳಾಸದಿಂದ ಉತ್ತರಿಸಿದ್ದರು. ಆ ವಿಳಾಸಕ್ಕೆ ಗುರುತು ಹಾಕಿಸಿರಲಿಲ್ಲ. ನನ್ನ ನಿಯಮ ಅದನ್ನು ತಪ್ಪದೆ ಹಿಡಿದು ಒಳಗೆ ಹಾಕಿತ್ತು.

"ಇದೂ ಮೋಸದ್ದೇ" ಎಂದು ಲ್ಯಾಪ್‌ಟಾಪ್ ಮುಚ್ಚಿದೆ.

"ರೊಟ್ಟಿ ಕೇಳಿ ಹೆಂಗ್ರೀ ಮೋಸ ಮಾಡ್ತಾರ?" ಎಂದು ಅವರು ನಿಜವಾಗಿಯೂ ಬೆರಗಿನಿಂದ ಕೇಳಿದರು.

ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಮೇಲ್ ಬಂದು ಇಪ್ಪತ್ತೈದು ದಿನ. ಇನ್ನು ಐದು ದಿನಕ್ಕೆ ಅದು ತಾನಾಗಿ ಅಳಿಸಿ ಹೋಗುತ್ತದೆ. ನಾನು ಅಳಿಸಬೇಕಾಗಿಯೂ ಇಲ್ಲ, ಸುಮ್ಮನಿದ್ದರೆ ಸಾಕು. ಇಂಥದೊಂದು ಯೋಚನೆ ನನ್ನೊಳಗೆ ಬಂತು ಎನ್ನುವುದಕ್ಕಿಂತ, ಬಂದ ಮೇಲೆ ನನಗೆ ಸಮಾಧಾನವಾಯಿತು ಎಂದು ಬರೆಯುವುದು ಕಷ್ಟ. ನಾಲ್ಕು ದಿನ ಸುಮ್ಮನಿದ್ದೆ. ದಿನಕ್ಕೆ ಮೂರು ಸಲ ಡಬ್ಬಿ ತೆರೆದು, ಅದು ಇನ್ನೂ ಇದೆಯೇ ಎಂದು ನೋಡಿ ಮುಚ್ಚುತ್ತಿದ್ದೆ.

ನಾಲ್ಕನೆಯ ದಿನ ಬೆಳಿಗ್ಗೆಯೇ ಅಧ್ಯಕ್ಷೆಯ ಫೋನು ಬಂತು. "ಮೈಸೂರಿನೋರಿಗೆ ಇನ್ನೊಂದು ಮೇಲ್ ಹಾಕ್ರಿ ಮೇಡಂ. ಈಗ ಯಂತ್ರ ತಂದೀವಿ, ಮೊದಲಿನಂಗೆ ಕೈಯಾಗೆ ತಟ್ಟಲ್ಲ, ಎಲ್ಲಾ ಒಂದೇ ಸಮ ಬರ್ತಾವ ಅಂತ ಬರೀರಿ."

ಬರೆಯಲು ಕೂತೆ. "ಮೊದಲಿನಂತೆ ಕೈಯಲ್ಲಿ" ಎನ್ನುವವರೆಗೆ ಬಂದು ಬೆರಳು ನಿಂತಿತು. ಡಬ್ಬಿಯಿಂದ ಆ ಮೇಲ್ ತೆಗೆದು, ಕೆಳಗಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಮಾಡಿಸಿ, ಹೊನ್ನಾಳಿ ಬಸ್ಸು ಹತ್ತಿದೆ.

ಎಲ್ಲರೂ ಇದ್ದರು. ನನ್ನ ನಿಯಮದಿಂದ ಆದದ್ದನ್ನು ನಿಂತುಕೊಂಡೇ ಹೇಳಿ ಕಾಗದ ಓದಿದೆ, ಕೂತರೆ ಹೇಳಲಾರೆ ಎನಿಸಿತ್ತು. ಅಧ್ಯಕ್ಷೆಯ ಮುಖ ಕೆಂಪಾಯಿತು. "ಅಲ್ರೀ, ಬ್ಯಾರೆಯೋರ ಡಬ್ಬಿಯಿಂದ ನಮ್ಮ ಮೇಲ್ ತೆಗೀತೀನಿ ಅಂತ ಬಂದು, ನಮ್ಮ ಮನಿಯಾಗೆ ಒಂದು ಡಬ್ಬಿ ಇಟ್ಟು ಹೋದ್ರಲ್ಲ!" ಯಾರೂ ನಗಲಿಲ್ಲ. ಅವರು ಅಲ್ಲಿಯೇ ಮೈಸೂರಿಗೆ ಫೋನ್ ಮಾಡಿದರು. ನಾನು ಒಂದು ತಿಂಗಳು ಮಾಡಲಾಗದ ಫೋನು ಎರಡು ನಿಮಿಷದಲ್ಲಿ ಮುಗಿಯಿತು. ನಿಮ್ಮಿಂದ ಉತ್ತರವಿಲ್ಲದ್ದಕ್ಕೆ ಬೇರೆಯವರಿಗೆ ಹೇಳಿಬಿಟ್ಟಿದ್ದೇವೆ, ಯುಗಾದಿ ಕಳೆದ ಮೇಲೆ ಮತ್ತೆ ಕೇಳಿ ಎಂದರಂತೆ.

ದೊಡ್ಡಮ್ಮ ಕಾಗದವನ್ನು ನನ್ನ ಕಡೆ ತಳ್ಳಿದರು. "ಏನ್ ಬರ್ದಾರ, ಇನ್ನೊಂದ್ಸಲ ಓದು."

ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಓದಿ ಹೇಳಿದೆ. ರೊಟ್ಟಿ ಎಲ್ಲರಿಗೂ ಇಷ್ಟವಾಯಿತು, ನಮ್ಮ ಅಂಗಡಿಗೆ ಬೇಕು. ಅಂಚು ತೆಳ್ಳಗಿರುವುದು ಬಹಳ ಚೆನ್ನಾಗಿದೆ. ಇದನ್ನು ಕೈಯಲ್ಲಿ ತಟ್ಟಿದ್ದೇ? ಹೌದಾದರೆ ಹಾಗೆಯೇ ಇರಲಿ, ಬದಲಾಯಿಸಬೇಡಿ.

"ಇದು ಬಂದು ಎಷ್ಟು ದಿನಾತು?"

"ಇಪ್ಪತ್ತೊಂಬತ್ತು."

"ನಿನಗ ಯಾವಾಗ ಗೊತ್ತಾತು?"

ಅದನ್ನು ಅವರೊಬ್ಬರೇ ಕೇಳಿದರು. ಇವತ್ತು ಎಂದಿದ್ದರೆ ನಂಬುತ್ತಿದ್ದರು. "ನಾಲ್ಕು ದಿನ ಆಯ್ತು" ಎಂದೆ.

ದೊಡ್ಡಮ್ಮ ಎದ್ದು ಹೋಗಿ ಕೈ ತೊಳೆದುಕೊಂಡು ಬಂದು, ಹಂಚಿನ ಮುಂದೆ ತಮ್ಮ ಜಾಗದಲ್ಲಿ ಕೂತರು. ಯಂತ್ರದ ಹತ್ತಿರವಿದ್ದ ಹುಡುಗಿ ತಾನಾಗಿ ಹಿಟ್ಟಿನ ಬೋಗುಣಿಯನ್ನು ಅವರ ಕಡೆ ಸರಿಸಿದಳು. ಎರಡು ರೊಟ್ಟಿ ತಟ್ಟಿದ ಮೇಲೆ, ನನ್ನನ್ನು ನೋಡದೆಯೇ ಹೇಳಿದರು: "ಇನ್ ಮ್ಯಾಲೆ ದಿನಾ ಆ ಡಬ್ಬಿಯಾಗೆ ಕೈಯಾಡ್ಸಿ ನೋಡಿ, ಫೋನ್ ಮಾಡಿ ನನಗ ಹೇಳ್ಬೇಕು. ಬರೆದು ಕಳಿಸಾದು ಬ್ಯಾಡ."

ಈಗ ದಿನವೂ ಬೆಳಿಗ್ಗೆ ಎಂಟು ಗಂಟೆಗೆ ಅಧ್ಯಕ್ಷೆಯ ಫೋನಿಗೆ ಕರೆ ಮಾಡುತ್ತೇನೆ. ನಂಬರು ಒತ್ತುವ ಮೊದಲು ಈಗಲೂ ಒಂದು ನಿಮಿಷ ಸುಮ್ಮನೆ ಕೂರುತ್ತೇನೆ. ದೊಡ್ಡಮ್ಮ ಬಂದು ಫೋನ್ ಹಿಡಿಯುತ್ತಾರೆ. ಇವತ್ತು ಮೂರು ಸಾಲದ್ದು, ಒಂದು ಲಾಟರಿ ಎಂದು ಓದಿ ಹೇಳುತ್ತೇನೆ. ಅವರು ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಹಿಂದಿನಿಂದ ರೊಟ್ಟಿ ತಟ್ಟುವ ಸದ್ದು ಬರುವುದಿಲ್ಲ, ಅವರು ಎದ್ದು ಬಂದಿರುತ್ತಾರಲ್ಲ.

"ಕಾಳು ಇಲ್ಲ?" ಎಂದು ಕೇಳುತ್ತಾರೆ.

"ಇಲ್ಲ ದೊಡ್ಡಮ್ಮ."

"ಆತು ಬಿಡ್ರಿ ಮೇಡಂ" ಎಂದು ಫೋನ್ ಇಡುತ್ತಾರೆ. ತಾಯಿ ಎನ್ನುವುದನ್ನು ಆ ದಿನವೇ ನಿಲ್ಲಿಸಿದ್ದಾರೆ.