ತಲೆ ವಾಲಿದ ನಾಯಿ ಮತ್ತು ನನ್ನ ಠರಾವು

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಸೊರಬ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮೇಷ್ಟ್ರಾಗಿದ್ದೆ. ಹುಚ್ಚಿನ ಲಕ್ಷಣ ಕಂಡ ನಾಯಿಯನ್ನು, ಅದು ಯಾರದೇ ಆಗಿರಲಿ, ಅಂದೇ ಕೊಲ್ಲಬೇಕೆಂಬ ಠರಾವನ್ನು ಪಂಚಾಯಿತಿಯ ಮುಂದಿಟ್ಟವನು ನಾನೇ. ಕಾಲೇಜಿನ ಚರ್ಚಾಕೂಟಗಳಲ್ಲಿ ಕಲಿತ ವಿದ್ಯೆಯನ್ನೆಲ್ಲ ಬಳಸಿ, ಆಕ್ಷೇಪಗಳನ್ನು ಒಂದೊಂದಾಗಿ ಕೆಡವಿ ಗೆದ್ದಿದ್ದೆ.

ಠರಾವಾಗಿ ನಾಲ್ಕು ತಿಂಗಳಾಗಿರಬಹುದು. ಒಂದು ಬೆಳಿಗ್ಗೆ ನಮ್ಮ ಹನ್ನೆರಡು ವರ್ಷದ ನಾಯಿ ಅಂಗಳದಲ್ಲಿ ಏಳಲು ಹೋಗಿ ಎಡಕ್ಕೆ ಉರುಳಿತು. ತಲೆ ಒಂದು ಪಕ್ಕಕ್ಕೆ ವಾಲಿತ್ತು, ಕಣ್ಣುಗುಡ್ಡೆಗಳು ನಿಲ್ಲದೆ ಅತ್ತಿತ್ತ ಓಡುತ್ತಿದ್ದವು, ಬಾಯಲ್ಲಿ ಜೊಲ್ಲು. ಎತ್ತಿ ನಿಲ್ಲಿಸಿದರೆ ಸುತ್ತಿ ಬೀಳುತ್ತಿತ್ತು. ಬಿಸಿಲೇರುವ ಮೊದಲೇ ಸುದ್ದಿ ತಿಳಿದು ಪಂಚಾಯಿತಿ ಅಧ್ಯಕ್ಷರು ದೊಣ್ಣೆ ಹಿಡಿದ ಇಬ್ಬರೊಡನೆ ಬಂದರು.

“ರೂಲು ಬರ್ದೋರು ನೀವೇ ಅಲ್ದನ್ರೀ ಮೇಷ್ಟ್ರೆ? ಬಿಡ್ರಿ ಹೊರಗೆ ಅದನ್ನ.”

“ಸಂಜೆವರೆಗೆ ಟೈಮ್ ಕೊಡಿ. ಶಿಕಾರಿಪುರದ ಡಾಕ್ಟರನ್ನ ಕೇಳಿ ಬರ್ತೀನಿ.”

ನಾಯಿಯನ್ನು ಕೊಟ್ಟಿಗೆಯಲ್ಲಿ ಸರಪಳಿಗೆ ಕಟ್ಟಿ ಬಸ್ಸು ಹತ್ತಿದೆ. ವಿವರವನ್ನೆಲ್ಲ ಕೇಳಿದ ಪಶುವೈದ್ಯರು, ಮುದಿನಾಯಿಗಳಿಗೆ ಒಳಕಿವಿಯ ದೋಷದಿಂದ ಸಮತೋಲ ತಪ್ಪುವುದುಂಟು, ದಿನ ಕಳೆದಂತೆ ಸರಿಹೋಗುವುದೂ ಉಂಟು ಎಂದರು. ಆದರೆ ಹುಚ್ಚಲ್ಲವೆಂದು ಬರೆದುಕೊಡಲು ಒಪ್ಪಲಿಲ್ಲ. “ಹತ್ತು ದಿನ ಕಟ್ಟಿಹಾಕಿ. ಹುಚ್ಚಾಗಿದ್ರೆ ಅಷ್ಟರಲ್ಲಿ ಸಾಯ್ತದೆ. ಹತ್ತಿರ ಮಾತ್ರ ಹೋಗ್ಬೇಡಿ.”

ಅಧ್ಯಕ್ಷರು ಒಂದು ಷರತ್ತು ಹಾಕಿ ಒಪ್ಪಿದರು: ಮೂರನೆಯ ದಿನದೊಳಗೆ ನೀರು ಕುಡಿಯದಿದ್ದರೆ ದೊಣ್ಣೆಯೇ.

ಬೋಗುಣಿಯನ್ನು ಕೋಲಿನಿಂದ ಒಳಗೆ ತಳ್ಳಿದೆ. ವಾಲಿದ ಮೂತಿ ಅಂಚಿಗೆ ಬಡಿದು ನೀರೆಲ್ಲ ಚೆಲ್ಲಿತು. ಮರುದಿನವೂ ಅಷ್ಟೇ. “ನೀರು ಕಂಡ್ರೆ ಹೆದರ್ತದೆ, ನೋಡಿ,” ಎಂದರು ಬೇಲಿಯಾಚೆ ನಿಂತವರು. ಹೆದರುತ್ತಿಲ್ಲ, ಗುರಿ ತಪ್ಪುತ್ತಿದೆ ಎಂದು ನಾನು ವಾದಿಸಿದೆ. ಆ ವಾದದ ಮೇಲೆ ನನಗೇ ಪೂರ್ತಿ ನಂಬಿಕೆಯಿರಲಿಲ್ಲ.

ಮೂರನೆಯ ಬೆಳಿಗ್ಗೆ ದೊಣ್ಣೆಯವರು ಬಂದು ನಿಂತರು. ನಾನು ಎರಡೂ ಕೈಗಳಿಗೆ ಗೋಣಿ ಸುತ್ತಿಕೊಂಡು ಕೊಟ್ಟಿಗೆಯೊಳಗೆ ಹೋದೆ. “ಬೇಡ ರೀ,” ಎಂದ ಹೆಂಡತಿಯೇ ನೀರು ತುಂಬಿದ ಬೋಗುಣಿಯನ್ನು ಕೋಲಿನಿಂದ ಒಳಗೆ ತಳ್ಳಿದಳು. ನಾಯಿಯ ಮೈಯನ್ನು ಮೊಣಕಾಲಿಗೆ ಆನಿಸಿಕೊಂಡು, ದವಡೆಯಡಿ ಕೈಯಿಟ್ಟು ತಲೆಯನ್ನು ನೆಟ್ಟಗೆ ಹಿಡಿದೆ. ಅದರ ಹಲ್ಲು ಗೋಣಿಗೆ ತಾಗಿತು. ನಾನು ಅಲುಗಲಿಲ್ಲ. ನಾಲಗೆ ಹೊರಬಂದು ನೀರನ್ನು ಮುಟ್ಟಿತು; ಅರ್ಧ ಬೋಗುಣಿ ಖಾಲಿಯಾಯಿತು.

“ಕುಡೀತಲ್ರೀ!” ಎಂದರು ಅಧ್ಯಕ್ಷರು.

ಅವರ ಹಿಂದೆ ನೆರೆಮನೆಯ ಅಜ್ಜಿ ನಿಂತಿದ್ದರು. ನನ್ನ ಠರಾವಿನಿಂದ ಮೊದಲು ಸತ್ತದ್ದು ಅವರ ನಾಯಿ. “ನಮ್ದೂ ಹೀಂಗೇ ಚೆಲ್ತಿತ್ತು ಮೇಷ್ಟ್ರೆ. ತಲೆ ಹಿಡೀಬೇಕು ಅಂತ ನಮಗೆ ಹೊಳೀಲಿಲ್ಲ. ಹೊಳೆದಿದ್ರೂ ನೀವು ಬಿಡ್ತಿದ್ರಾ?”

ಬಿಡುತ್ತಿರಲಿಲ್ಲ.

ಹುಲ್ಲು ತುಂಬಿದ ಚೀಲಗಳನ್ನು ನಾಯಿಯ ಎರಡೂ ಪಕ್ಕಕ್ಕೆ ಒತ್ತಿಟ್ಟು, ದಿನಕ್ಕೆ ನಾಲ್ಕು ಸಲ ತಲೆ ಹಿಡಿದು ಗಂಜಿ ಕುಡಿಸಿದೆ. ಪ್ರತಿ ಸಲವೂ ಗೋಣಿ ಬಿಚ್ಚಿ ಕೈಯಲ್ಲಿ ಗಾಯವಿದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಆರನೆಯ ದಿನ ಕಣ್ಣುಗಳ ಓಟ ನಿಂತಿತು. ಹತ್ತು ದಿನ ಕಳೆದ ಮೇಲೆ ಸರಪಳಿ ಬಿಚ್ಚಿದಾಗ ನಾಯಿ ಗೋಡೆಗೆ ಭುಜ ಉಜ್ಜುತ್ತ ಅಂಗಳಕ್ಕೆ ಬಂತು.

ಅಂದೇ ಅಜ್ಜಿಯ ಮನೆಗೆ ಹೋದೆ. ಅವರು ಅಕ್ಕಿ ಕೇರುತ್ತಿದ್ದರು. ಹತ್ತು ದಿನ ಕಟ್ಟಿ ನೋಡಬೇಕೆಂದು ಠರಾವನ್ನು ತಿದ್ದಿಸುವುದಾಗಿಯೂ, ಅವರ ನಾಯಿಯ ವಿಷಯದಲ್ಲಿ ತಪ್ಪು ನನ್ನದೇ ಎಂದೂ ಹೇಳಿದೆ.

ಮೊರ ನಿಲ್ಲಲಿಲ್ಲ. “ನಡೀತದಾ ನಿಮ್ಮ ನಾಯಿ?”

“ಗೋಡೆ ಹಿಡಿದು ನಡೀತದೆ.”

“ಹಾಗಾರೆ ಅದೊಂದನ್ನೇ ಬಿಟ್ಟು ಯಾಕೆ ಬಂದ್ರಿ? ಬಿದ್ದೀತು, ಹೋಗಿ.”